ಹಿತ್ತಲ ಕೋಳಿ, ಜಾತ್ರೆಯ ಹಾದಿ

ತುಮಕೂರು ಸೀಮೆಯಲ್ಲಿ ಒಂದೊಂದು ಊರಿಗೂ ಒಂದೊಂದು ಕೀರ್ತಿಯುಂಟು. ಕುಣಿಗಲ್ಲು ಟಿಪ್ಪುವಿನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾಯಿತು. ಪುಟ್ಟ ಹಕ್ಕಿಯ ಹೆಸರನ್ನು ಹೊತ್ತ ಗುಬ್ಬಿಯು 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಮಂಡಳಿಯಿಂದಲೂ, ಅದನ್ನು ಬೆಳೆಸಿದ ವೀರಣ್ಣನವರಿಂದಲೂ ನಾಡಿಗೆಲ್ಲ ಪರಿಚಿತವಾಯಿತು. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಶಿವರಾತ್ರಿಯ ವೇಳೆಗೆ ಕೂಡುವ ದನಗಳ ಜಾತ್ರೆಯನ್ನು ಅರಿಯದ ರೈತನಿಲ್ಲ. ಹೀಗೆ ಕುದುರೆಗೆ ಕೀರ್ತಿ ಬಂದಿತು; ಎತ್ತಿಗೆ ಮರ್ಯಾದೆ ದೊರೆಯಿತು. ಆದರೆ ಈ ಊರುಗಳ ಸುತ್ತಣ ಹಳ್ಳಿಗಳಲ್ಲಿ ಹಿತ್ತಲನ್ನು ಕೆದಕಿ ತಿಂದು, ಸಂಸಾರಕ್ಕೆ ಸದ್ದಿಲ್ಲದೆ ನೆರವಾಗುವ ನಾಟಿ ಕೋಳಿಯನ್ನು ಹೊಗಳಿದವರು ಕಡಿಮೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅಂತಹ ಮನೆಯೊಂದರ ದಿನಚರಿಯನ್ನು ನೋಡಬೇಕು. ನಸುಕಿನಲ್ಲಿ ಹುಂಜ ಕೂಗುತ್ತಲೇ ತಾಯಿ ಎದ್ದು ಗೂಡಿನ ಬಾಗಿಲನ್ನು ಸರಿಸುತ್ತಾಳೆ. ಕಣದಲ್ಲಿ ಉದುರಿದ ರಾಗಿ, ಮೊರದಲ್ಲಿ ಉಳಿದ ನುಚ್ಚು, ತಿಪ್ಪೆಯ ಹುಳುಹುಪ್ಪಟೆ, ಇವೇ ಕೋಳಿಗಳ ಆಹಾರ. ಹೇಂಟೆ ಕಾವಿಗೆ ಕುಳಿತಿತೆಂದರೆ ಮಕ್ಕಳಿಗೆ 21 ದಿನಗಳ ವ್ರತ ಆರಂಭವಾದಂತೆಯೇ ಸರಿ. ಗೋಡೆಯ ಮೇಲೆ ಇದ್ದಿಲಿನ ಗೀಟೆಳೆದು ದಿನವೆಣಿಸುವವನೊಬ್ಬ, ಮರೆಯದೆ ನೀರಿಡುವವಳೊಬ್ಬಳು. ಮರಿಗಳು ಹೊರಬಂದ ಮೇಲೆ ಹದ್ದಿನ ಭಯ, ಮುಂಗುಸಿಯ ಭಯ. ಸಂಜೆ ಮಂಕರಿಯಡಿಯಲ್ಲಿ ಮುಚ್ಚುವಾಗ ಎಣಿಕೆಯಲ್ಲಿ ಒಂದು ಕಡಿಮೆಯಾದರೆ ಆ ರಾತ್ರಿ ಮಕ್ಕಳಿಗೆ ಊಟ ರುಚಿಸದು. ಹೊಣೆಯೆಂದರೆ ಏನೆಂಬುದನ್ನು ಯಾವ ಉಪದೇಶವೂ ಇಷ್ಟು ಚೆನ್ನಾಗಿ ಕಲಿಸಲಾರದು.

ತೆಂಗು, ಅಡಕೆ, ರಾಗಿಗಳ ಹಣ ಮನೆಯ ಯಜಮಾನನ ಕೈಗೆ ಬಂದು, ಬಂದಂತೆಯೇ ಗೊಬ್ಬರದ ಅಂಗಡಿಗೋ ಸಾಲದ ಕಂತಿಗೋ ಹೊರಟುಹೋಗುತ್ತದೆ. ಮೊಟ್ಟೆ ಮಾರಿದ ಹಣವಾದರೋ ಗೃಹಿಣಿಯ ಸಾಸಿವೆ ಡಬ್ಬಿಯನ್ನು ಸೇರುತ್ತದೆ. ಮಗಳ ಬರೆಯುವ ಪುಸ್ತಕ, ಮಗುವಿನ ಜ್ವರಕ್ಕೆ ಔಷಧ, ವರ್ಷಕ್ಕೊಮ್ಮೆ ಇಡೀ ಸಂಸಾರಕ್ಕೆ ಜಾತ್ರೆಯ ಬಸ್ಸಿನ ಚೀಟಿ, ಇವೆಲ್ಲವೂ ಆ ಡಬ್ಬಿಯಿಂದಲೇ ಹೊರಡತಕ್ಕವು.

ಜಾತ್ರೆಯಲ್ಲಿ ತಂದೆ ಹಳ್ಳಿಕಾರ್ ಹೋರಿಗಳ ಹಲ್ಲು ನೋಡಿ, ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕೇಳುತ್ತಾನೆ. ತಾಯಿ ವಸ್ತುಪ್ರದರ್ಶನದ ಮಳಿಗೆಗಳಲ್ಲಿ ಹೊಸ ಬಿತ್ತನೆಯ ಬೀಜಗಳನ್ನು ವಿಚಾರಿಸುತ್ತಾಳೆ. ಮಕ್ಕಳ ಕಣ್ಣೆಲ್ಲ ಬೆಂಡು ಬತ್ತಾಸು, ಕಡ್ಲೆಪುರಿಗಳ ಮೇಲೆ. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಆ ಸಂಭ್ರಮದಲ್ಲಿ ಕೋಳಿಯ ಸುಳಿವೂ ಇಲ್ಲ. ಆದರೆ ಬತ್ತಾಸಿನ ಪೊಟ್ಟಣಕ್ಕೆ ಬೆಲೆ ತೆತ್ತವರಾರೆಂದು ಕೇಳಿದರೆ, ಉತ್ತರವು ಮನೆಯ ಹಿತ್ತಲಿನಲ್ಲಿ ಕಾಲು ಕೆದರುತ್ತಿರುತ್ತದೆ.

‘ಅಜ್ಜಿಯ ಕೋಳಿ ಕೂಗದಿದ್ದರೆ ಬೆಳಗಾಗದೆ?’ ಎಂದು ನಗುವವರುಂಟು. ಫಾರಂ ಕೋಳಿ ವರ್ಷಕ್ಕೆ 300ರಷ್ಟು ಮೊಟ್ಟೆಯಿಡುವಾಗ 50–60 ಮೊಟ್ಟೆಯ ನಾಟಿ ಕೋಳಿಯೇಕೆ ಎಂಬುದು ಅವರ ವಾದ. ಲೆಕ್ಕ ಸರಿಯಾದುದೇ, ಆದರೆ ಪೂರ್ಣವಲ್ಲ. ಫಾರಂ ಕೋಳಿಗೆ ಕೊಂಡು ತಂದ ಮೇವು ಬೇಕು, ಕಟ್ಟಡ ಬೇಕು, ಬಂಡವಾಳ ಬೇಕು. ನಾಟಿ ಹೇಂಟೆಯೋ ಮೊಟ್ಟೆಯಿಡದ ದಿನಗಳಲ್ಲಿ ತಾನೇ ಕಾವು ಕೊಟ್ಟು, ತಾನೇ ಮರಿಗಳನ್ನು ಸಾಕುತ್ತದೆ. ಹೆಚ್ಚು ಇಳುವರಿ ಬೇಕೆನ್ನುವವರಿಗಾಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಿತ್ತಲಿಗೆ ಒಗ್ಗುವ ಗಿರಿರಾಜ ತಳಿಯನ್ನೂ ರೂಪಿಸಿತು. 2019ರ ಜಾನುವಾರು ಗಣತಿಯಲ್ಲಿ ಭಾರತದ ಹಿತ್ತಲುಗಳ ಸಾಕುಹಕ್ಕಿಗಳು ಸುಮಾರು 31.7 ಕೋಟಿ, ಹಿಂದಿನ ಗಣತಿಗಿಂತ ಶೇಕಡಾ 45ಕ್ಕೂ ಹೆಚ್ಚು. ನಗುವವರು ನಗುತ್ತಿರುವಾಗಲೇ ಹಿತ್ತಲು ಬೆಳೆದಿದೆ.

ಹಾಗಾದರೆ ಕೊರತೆಯೆಲ್ಲಿ? ಕೋಳಿಯಲ್ಲಿ ಅಲ್ಲ, ಅದನ್ನು ಆಸ್ತಿಯೆಂದು ಎಣಿಸದ ಮನಸ್ಸಿನಲ್ಲಿ. ರಾಣಿಖೇತ್ ಎಂಬ ಕೊಕ್ಕರೆ ರೋಗ ಹೊಕ್ಕರೆ ತುಂಬಿದ ಗೂಡು ಕೆಲವೇ ದಿನಗಳಲ್ಲಿ ಬರಿದಾಗುತ್ತದೆ. ರೋಗ ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಬರುವ ಮುನ್ನ ಲಸಿಕೆಯುಂಟು. ಮರಿಗೆ ಒಂದು ವಾರ ತುಂಬುವ ವೇಳೆಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಅನಂತರ ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ ಲಸಿಕೆ, ಇಷ್ಟೇ. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ವೈದ್ಯರಲ್ಲಿಗೆ ಓಡುವ ಯಜಮಾನನು, ಹತ್ತು ಕೋಳಿ ಸತ್ತರೂ ‘ರೋಗ ಬಂತು’ ಎಂದು ತಿಪ್ಪೆಗೆಸೆದು ಸುಮ್ಮನಾಗುತ್ತಾನೆ. ಹಾಗೆ ಎಸೆದ ಹಕ್ಕಿಯಿಂದಲೇ ನೆರೆಮನೆಯ ಗೂಡಿಗೂ ರೋಗ ಹರಡುತ್ತದೆ. ಅದನ್ನು ಆಳವಾಗಿ ಹೂಳುವುದೇ ಯುಕ್ತ. ಸತ್ತದ್ದು ಹತ್ತು ಕೋಳಿಯೆಂದು ಅವನು ತಿಳಿದಿದ್ದಾನೆ. ಬರಿದಾದುದು ಹೆಂಡತಿಯ ಗಳಿಕೆ, ಮಕ್ಕಳ ಪುಸ್ತಕ, ಮುಂದಿನ ವರ್ಷದ ಜಾತ್ರೆ.

ಆದುದರಿಂದ ಕೋಳಿಯನ್ನು ಕೊಂಡಾಡಬೇಕೆಂದು ಯಾರೂ ಕೇಳುವುದಿಲ್ಲ; ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು. ಕಾವಿನ ದಿನಗಳನ್ನು ಗೋಡೆಯ ಮೇಲೆ ಗೀಟೆಳೆದು ಎಣಿಸಬಲ್ಲ ಮಕ್ಕಳಿಗೆ, ಅದೇ ಗೋಡೆಯ ಮೇಲೆ ಲಸಿಕೆಯ ದಿನವನ್ನೂ ಬರೆದಿಡುವುದು ಕಷ್ಟವಲ್ಲ. ಮನೆಯಲ್ಲಿ ದುಡಿಯುವವರೆಲ್ಲರ ದುಡಿಮೆಯನ್ನೂ ಎಣಿಸುವ ಸಂಸಾರವೇ ನೆಮ್ಮದಿಯ ಸಂಸಾರ. ಜಾತ್ರೆಯ ಹಾದಿ ಬಸ್ಸಿನ ನಿಲ್ದಾಣದಿಂದ ತೊಡಗುವುದಿಲ್ಲ. ಅದು ಹಿತ್ತಲ ಬಾಗಿಲಿನಿಂದಲೇ ತೊಡಗುತ್ತದೆ.