ಗೆರೆಯಾಚೆ ಎಣ್ಣೆ ಇದೆ!

ಮಕ್ಕಳೇ, ಬೆಂಗಳೂರಿನಂತಹ ನಗರಗಳ ಮಾಲ್‌ಗಳಲ್ಲಿ ಬೌಲಿಂಗ್ ಎಂಬ ಆಟವಿದೆ. ನುಣುಪಾದ ಉದ್ದನೆಯ ಪಥದ ಮೇಲೆ ಭಾರವಾದ ಚೆಂಡನ್ನು ಉರುಳಿಸಿ, ಸುಮಾರು 18 ಮೀಟರ್ ದೂರದಲ್ಲಿರುವ 10 ಪಿನ್‌ಗಳನ್ನು ಕೆಡವಬೇಕು. ಪಥದ ಆರಂಭದಲ್ಲಿ ಒಂದು ಗೆರೆ ಇರುತ್ತದೆ. ಆಡುವವರು ಅದನ್ನು ದಾಟಬಾರದು.

ಏಕೆ ಗೊತ್ತೇ? ಗೆರೆಯಾಚೆ ಪಥಕ್ಕೆ ಎಣ್ಣೆಯ ತೆಳುವಾದ ಲೇಪನವಿರುತ್ತದೆ. ಅದು ಪಥ ಸವೆಯದಂತೆ ಕಾಪಾಡುತ್ತದೆ. ಆದರೆ ಸುಲಭವಾಗಿ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಕಾಲಿಟ್ಟರೆ ಘರ್ಷಣೆ ಸಾಲದೆ ಜಾರಿ ಬೀಳುತ್ತೇವೆ.

ಘರ್ಷಣೆ ಹೆಚ್ಚಾದರೂ ಅಪಾಯವೇ! ಈ ಆಟದ ಶೂಗಳ ಅಡಿಭಾಗ ಸರಾಗವಾಗಿ ಜಾರುವಂತಿರುತ್ತದೆ. ಅದು ಒದ್ದೆಯಾದರೆ ನೆಲಕ್ಕೆ ಅಂಟಿದಂತಾಗಿ ಕಾಲು ತಟ್ಟನೆ ನಿಲ್ಲುತ್ತದೆ. ಜಡತ್ವದಿಂದ ದೇಹ ಮಾತ್ರ ಮುಂದೆ ಸಾಗುತ್ತದೆ, ಬಸ್ಸಿಗೆ ಬ್ರೇಕ್ ಹಾಕಿದಾಗ ನಾವು ಮುಗ್ಗರಿಸುವಂತೆ. ಆದ್ದರಿಂದ ನೀರು, ತಂಪುಪಾನೀಯಗಳನ್ನು ಅಲ್ಲಿಗೆ ಒಯ್ಯಬಾರದು.

'ಗೆರೆ ದಾಟಬೇಡಿ' ಎಂಬ ಫಲಕವಷ್ಟೇ ಸಾಲದು ಎಂಬುದು ನನ್ನ ಅಭಿಪ್ರಾಯ. 'ಮುಂದೆ ಎಣ್ಣೆ ಇದೆ, ಜಾರುತ್ತದೆ' ಎಂದು ಕನ್ನಡದಲ್ಲೂ ಬರೆಯಬೇಕು. ಕಾರಣ ತಿಳಿದವರು ಯಾರೂ ನೋಡದಿದ್ದಾಗಲೂ ನಿಯಮ ಪಾಲಿಸುತ್ತಾರೆ.

ನಿಮ್ಮ ಶಾಲೆಯ ನಲ್ಲಿಯ ಬಳಿ ಪಾಚಿ ಕಟ್ಟಿದೆಯೇ? ಗುರುಗಳಿಗೆ ತಿಳಿಸಿ. ಅದನ್ನು ತೆಗೆಯುವವರೆಗೆ ಅಲ್ಲೊಂದು ಫಲಕ ಬರೆದು ಇಡಿ. ಕಾರಣ ಬರೆಯಲು ಮರೆಯಬೇಡಿ!