ಮಂಕು ಹೆಡ್‌ಲೈಟಿಗೆ ಟೂತ್‌ಪೇಸ್ಟ್ ಮದ್ದಲ್ಲ
ಕಾರಿನ ಹೆಡ್‌ಲೈಟ್ ಹಳದಿಗಟ್ಟಿದರೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಎನ್ನುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಉಜ್ಜಿದೊಡನೆ ಹೊಳಪು ಬರುವುದು ಸುಳ್ಳಲ್ಲ, ಆದರೆ ಅದು ಬಹುಕಾಲ ನಿಲ್ಲುವುದಿಲ್ಲ. ಈಗಿನ ಹೆಡ್‌ಲೈಟಿನ ಹೊದಿಕೆ ಗಾಜಲ್ಲ, ಪಾಲಿಕಾರ್ಬೊನೇಟ್. ಕಲ್ಲು ಬಡಿದರೂ ಸುಲಭಕ್ಕೆ ಒಡೆಯದ ಈ ಪ್ಲಾಸ್ಟಿಕ್ಕಿಗೆ ಬಿಸಿಲಿನ ನೇರಳಾತೀತ (ಯುವಿ) ಕಿರಣವನ್ನು ತಾಳುವ ಕಸುವು ಕಡಿಮೆ. ಅದಕ್ಕೇ ಕಾರ್ಖಾನೆಯಲ್ಲಿ ಮೇಲೊಂದು ರಕ್ಷಕ ಲೇಪ ಕೊಟ್ಟಿರುತ್ತಾರೆ. ಆ ಲೇಪ ಸವೆದಾಗಲೇ ಮಂಕು ಕವಿಯುವುದು. ಪೇಸ್ಟಿನ ತಿಕ್ಕಾಟ ಅಳಿದುಳಿದಿದ್ದನ್ನೂ ಕೆರೆದು ಹಾಕುತ್ತದೆ. ನೀರು ಹಾಕುತ್ತಾ 800ರಿಂದ 3000 ಗ್ರಿಟ್‌ವರೆಗಿನ ವಾಟರ್ ಪೇಪರಿನಲ್ಲಿ ಹಂತಹಂತವಾಗಿ ತಿಕ್ಕಿ, ಪಾಲಿಶ್ ಮಾಡಿ, ಕೊನೆಗೆ ಯುವಿ ತಡೆಯುವ ಹೊಸ ಲೇಪ ಕೊಟ್ಟರಷ್ಟೇ ಪಟ್ಟ ಶ್ರಮ ದಕ್ಕೀತು. ಇಷ್ಟೆಲ್ಲ ಏಕೆ, ಹೆಚ್ಚು ವ್ಯಾಟಿನ ಬಲ್ಬ್ ಹಾಕಿದರಾಯಿತಲ್ಲ ಎಂದಾರು. ಮಬ್ಬು ಹೊದಿಕೆ ಬೆಳಕನ್ನು ಚದುರಿಸುವುದರಿಂದ ಬಲ್ಬಿನ ಬಲ ಎದುರಿನವರ ಕಣ್ಣು ಕುಕ್ಕುವುದಕ್ಕೇ ಹೆಚ್ಚು ಖರ್ಚಾಗುತ್ತದೆ. ಅಮೆರಿಕದ ವಾಹನ ಚಾಲಕರ ಸಂಘ ಎಎಎ 2018ರಲ್ಲಿ ಪರೀಕ್ಷಿಸಿದಾಗ, ಹಾಳಾದ ಹೊದಿಕೆಯ ದೀಪ ಹೊಸದರ ಸುಮಾರು ಶೇ. 20ರಷ್ಟೇ ಬೆಳಕು ಕೊಟ್ಟಿತು. ದುರಸ್ತಿಯ ನಂತರ ಅದು ಶೇ. 70ರ ಆಸುಪಾಸಿಗೆ ಏರಿತು. ಪೂರ್ತಿ ಮರಳಲಿಲ್ಲ, ನಿಜ. ಒಳಮೈ ಬಿರುಕು ಬಿಟ್ಟಿದ್ದರೆ, ಹಿಂದಿನ ಪ್ರತಿಫಲಕ ಸುಟ್ಟಿದ್ದರೆ ಇಡೀ ದೀಪವನ್ನೇ ಬದಲಿಸಬೇಕಾಗುತ್ತದೆ.