ಇಸಿಜಿಗೆ ಓಡಿದ್ದಾಯ್ತು, ದಿನದ ಮಾತ್ರೆ ಎಲ್ಲಿ?

2025ರ ಜೂನ್, ಜುಲೈ ತಿಂಗಳ ಗಾಬರಿ ಜಿಲ್ಲೆಯ ಜನಕ್ಕೆ ಮರೆತಿರಲಾರದು. ಹಾಸನದಲ್ಲಿ ಹರೆಯದವರು ಒಬ್ಬರ ಹಿಂದೊಬ್ಬರು ಎದೆ ಹಿಡಿದುಕೊಂಡು ಕುಸಿದರು ಅಂತ ಸುದ್ದಿ ಹಬ್ಬಿದ್ದೇ ತಡ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವಕ್ಕೇ ಸರದಿ. ಎದೆಗೆ ವೈರು ಅಂಟಿಸಿಕೊಂಡು, ‘ಏನೂ ತೊಂದರೆ ಇಲ್ಲ’ ಅನ್ನಿಸಿಕೊಂಡು, ಹೊರಗೆ ಬಂದವರೇ ಒಂದು ಸಿಗರೇಟು ಹಚ್ಚಿ ಊರಿನ ಬಸ್ಸು ಹತ್ತಿದ ಮಹಾನುಭಾವರೂ ಇದ್ದಾರು!

ಆಮೇಲೆ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 20 ಹೃದಯಕ್ಕೆ ಸೇರಿದವು. ಸತ್ತವರಲ್ಲಿ ಆಟೋ, ಕಾರು ಓಡಿಸುವವರೂ ಇದ್ದರು. ಕಾರಣ ಹುಡುಕಿದರೆ ಹೊಸ ಮಾರಿ ಯಾವುದೂ ಸಿಗಲಿಲ್ಲ. ಬಿಪಿ, ಸಕ್ಕರೆ, ಬೊಜ್ಜು, ಬೀಡಿ ಸಿಗರೇಟು, ಕುಡಿತ, ಮನೆತನದ ಕಾಯಿಲೆ – ಎಲ್ಲಾ ಹಳೇ ಗಿರಾಕಿಗಳೇ.

ಇಸಿಜಿ ಆ ಗಳಿಗೆಯ ಲೆಕ್ಕ ಹೇಳುತ್ತೆ. ಬಿಪಿಯಾದರೋ ವರ್ಷಗಟ್ಟಲೆ ಸದ್ದಿಲ್ಲದೆ ರಕ್ತನಾಳ ಕೆಡಿಸುವ ಕಾಯಿಲೆ. 140/90 ದಾಟಿದರೂ ಅನೇಕರಿಗೆ ತಲೆನೋವು ಸಹ ಬರೋದಿಲ್ಲ. ಮಾದಿಹಳ್ಳಿಯಲ್ಲೇ ಆಗಲಿ ಹಳೇಬೀಡಿನಲ್ಲೇ ಆಗಲಿ, ‘ಮೈ ಹಗುರಾಗಿದೆ, ಮಾತ್ರೆ ಬಿಟ್ಟೆ ಕಣ್ರೀ’ ಅನ್ನುವವರಿಗೆ ಬರವಿಲ್ಲ. ಹಗುರಾಗಿರೋದು ಮಾತ್ರೆಯಿಂದ ಸ್ವಾಮಿ! ‘ಒಮ್ಮೆ ಶುರು ಮಾಡಿದರೆ ಜನ್ಮಪೂರ್ತಿ ಅಂಟಿಕೊಳ್ಳುತ್ತೆ’ ಅನ್ನೋ ಹೆದರಿಕೆ ಬೇರೆ. ಅಂಟಿಕೊಂಡಿರೋದು ಕಾಯಿಲೆ, ಮಾತ್ರೆಯಲ್ಲ. ಡೋಸು ಇಳಿಸೋದು, ನಿಲ್ಲಿಸೋದು ಡಾಕ್ಟರಿಗೆ ಬಿಟ್ಟದ್ದು.

ಊಟದ ವಿಚಾರದಲ್ಲೂ ಇದೇ ಕಥೆ. ಸಕ್ಕರೆ ಕಾಯಿಲೆಗೆ ರಾಗಿ ಮುದ್ದೆ ರಾಮಬಾಣ ಅಂತ ಎರಡು ದಪ್ಪ ಮುದ್ದೆ ಇಳಿಸುತ್ತಾರೆ. ರಾಗಿ ಒಳ್ಳೇದೇ, ಯಾರೂ ಬೇಡ ಅನ್ನೋದಿಲ್ಲ. ಆದರೆ ಅದರಲ್ಲಿರೋದೂ ಪಿಷ್ಟವೇ. ಮುದ್ದೆ ಚಿಕ್ಕದಾಗಿ, ಸೊಪ್ಪು ಕಾಳು ಜಾಸ್ತಿಯಾದರೆ ಸರಿ. ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿಯೋದಂತೂ ತನ್ನನ್ನೇ ವಂಚಿಸಿಕೊಂಡಂತೆ. ಉಪ್ಪು ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಬಸ್‌ಸ್ಟ್ಯಾಂಡಿನ ಖಾರ ಮಿಕ್ಸ್ಚರು ಎಲ್ಲ ಆ ಚಮಚದ ಒಳಗೇ ಬರಬೇಕು.

ಇಷ್ಟೆಲ್ಲ ಗೊತ್ತಿದ್ದರೂ ಅಂಗಡಿಯವರು ಏನು ಮಾಡಬೇಕು? ಬೋಣಿ ಆಗುವ ಹೊತ್ತಿಗೆ ಬಾಗಿಲು ಹಾಕಿ ಆಸ್ಪತ್ರೆ ಚೀಟಿಗೆ ನಿಂತರೆ ಅಂದಿನ ವ್ಯಾಪಾರ ಗೋತಾ. ಬೆಳಿಗ್ಗೆ ಬಸ್ಸು ಹತ್ತಿ ಬೇಲೂರಿಗೋ ಹಾಸನಕ್ಕೋ ಕೆಲಸಕ್ಕೆ ಹೋಗುವವರು ಊರು ಮುಟ್ಟೋದು ದೀಪ ಹಚ್ಚಿದ ಮೇಲೆ. ಮಾತ್ರೆ ಮುಗಿದರೆ ‘ನಾಳೆ ನೋಡೋಣ’. ಆ ನಾಳೆ ಬರೋದೇ ಇಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ ಅನ್ನೋದನ್ನ ಒಪ್ಪಬೇಕು. 2024ರಲ್ಲಿ ಕೋಲಾರದಲ್ಲಿ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಸಕ್ಕರೆ ನೋಡಿ ಮಾತ್ರೆ ಕೊಡುವ ಏರ್ಪಾಡಿದೆ. ಒಳ್ಳೆಯ ಕೆಲಸ. ಆದರೆ ಹಗಲು ಹೊತ್ತಿನಲ್ಲಿ ಮನೆ ಬಾಗಿಲು ತಟ್ಟಿದರೆ ಸಿಗೋದು ಅಜ್ಜ ಅಜ್ಜಿ. ನಲವತ್ತರ ಯಜಮಾನ ಗಲ್ಲಾಪೆಟ್ಟಿಗೆ ಮುಂದೆ, ಅವನ ತಮ್ಮ ಬಸ್ಸಿನಲ್ಲಿ. ಜೀವಕ್ಕೆ ಹೆಚ್ಚು ಅಪಾಯ ಇರೋರೇ ಲೆಕ್ಕಕ್ಕೆ ಸಿಗದೆ ಹೋಗುತ್ತಾರೆ.

ಆದ್ದರಿಂದ ಬಿಪಿ ಮಿಷನ್ನು ಅಂಗಡಿ ಬೀದಿಗೆ, ಬಸ್‌ಸ್ಟ್ಯಾಂಡಿಗೆ, ಆಟೋ ನಿಲ್ದಾಣಕ್ಕೆ ಬರಲಿ. ವಾರಕ್ಕೊಂದು ಸಂಜೆ ಆರರಿಂದ ಎಂಟರವರೆಗೆ ಸಾಕು. ಕಾಯಿಲೆ ಹತೋಟಿಯಲ್ಲಿ ಇರೋರಿಗೆ ತಿಂಗಳ ಮಾತ್ರೆ ಒಟ್ಟಿಗೇ ಸಿಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯೂ ಬೇಡ (ಅದೇ ಕಷ್ಟವೇನೋ!). ಮಾದಿಹಳ್ಳಿಯಲ್ಲೇ ಮೊದಲು ಶುರುವಾಗಲಿ. ತಾಲ್ಲೂಕು ಆರೋಗ್ಯಾಧಿಕಾರಿಗಳು ವಾರ, ಹೊತ್ತು ಗೊತ್ತುಮಾಡಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೋರ್ಡು ಬರೆಸಲಿ.